ಬಾನೆಟ್ ಮೇಲಿನ ಅಜ್ಜಿ

ನಮ್ಮಪ್ಪ ತೆಂಗಿನಕಾಯಿ ಸುಲಿಯುವವನು, ನಾನು ಕಾರಿಗೆ ಸಿಪ್ಪೆ ಹೊದಿಸುವವನು. ಅಪ್ಪ ತೋಟದಲ್ಲಿ ನೆಲಕ್ಕೆ ಕಬ್ಬಿಣದ ಮೊನೆ ನೆಟ್ಟುಕೊಂಡು, ಕಾಯಿಯನ್ನು ಅದಕ್ಕೆ ಕುಕ್ಕಿ ತಿರುವಿ, ಮಟ್ಟೆಯನ್ನು ಅತ್ತ, ಕಾಯಿಯನ್ನು ಇತ್ತ ಎಸೆಯುತ್ತಾನೆ. ನಾನು ತಿಪಟೂರಿನ ಒಂದು ಸ್ಟಿಕ್ಕರ್ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ, ಜಾಹೀರಾತು ಅಚ್ಚಾದ ವಿನೈಲ್ ಹಾಳೆಯನ್ನು ಸಣ್ಣ ಕಾರುಗಳ ಮೈಮೇಲೆ ಹಾಸಿ, ಉಜ್ಜಿ, ಬಿಸಿಗಾಳಿ ಕೊಟ್ಟು, ಕಾರು ಹುಟ್ಟುವಾಗಲೇ ಆ ಬಣ್ಣ ಹೊತ್ತು ಬಂದಿತ್ತು ಅನ್ನುವ ಹಾಗೆ ಕೂರಿಸುತ್ತೇನೆ. "ಅಪ್ಪ ಬಿಚ್ತಾನೆ, ಮಗ ಮುಚ್ತಾನೆ, ಇಬ್ರಿಗೂ ಬೇಯಿಸಿ ಹಾಕೋಳು ಮಾತ್ರ ನಾನೊಬ್ಳೆ" ಅನ್ನುತ್ತಾಳೆ ಅವ್ವ.

ಈ ಮಾತನ್ನು ಅವ್ವನ ದನಿಯಲ್ಲೇ ಹೇಳಿದರೆ ಇನ್ನೂ ಚೆನ್ನಾಗಿರುತ್ತದೆ. ಬರಹದಲ್ಲಿ ಅದು ಆಗುವುದಿಲ್ಲ, ನಷ್ಟ ನಿಮ್ಮದೇ. ನಾನು ಚಿಕ್ಕಂದಿನಿಂದಲೂ ಕಂಡವರ ದನಿ ಮಾಡುವವನು. ಬಸ್ ನಿಲ್ದಾಣದಲ್ಲಿ ನಿಂತು "ದಬ್ಬೇಘಟ್ಟ ದಬ್ಬೇಘಟ್ಟ ದಬ್ಬೇಘಟ್ಟ, ರೈಟ್" ಎಂದು ಕಂಡಕ್ಟರನ ಹಾಗೆ ಕೂಗಿ ಹೊರಡದ ಬಸ್ಸಿಗೆ ಜನ ಹತ್ತಿಸಿದ್ದೇನೆ. ಡಿಪೋದವರು ಬೈದಾಗ ಅವರ ದನಿಯಲ್ಲೇ ಕ್ಷಮೆ ಕೇಳಿದ್ದೇನೆ. ನನ್ನ ದನಿಯನ್ನೂ ಬಿಟ್ಟಿಲ್ಲ. ಮೀಸೆ ಮೂಡುವ ಕಾಲದಲ್ಲಿ ನನ್ನ ಗಂಟಲು ಒಡೆದು, ಒಂದೇ ಮಾತಿನಲ್ಲಿ ಹುಂಜವೂ ಮೇಕೆಯೂ ಕೂಗುತ್ತಿದ್ದವು. ಅದನ್ನೂ ಮಾಡಿ ತೋರಿಸುತ್ತಿದ್ದೆ, ಬೇರೆಯವರು ಮಾಡುವ ಮುಂಚೆ ನಾನೇ ಮಾಡಿಬಿಡೋಣ ಅಂತ.

ಆದರೆ ಈ ಕಸುಬಿನಲ್ಲಿ ಒಂದು ನಿಯಮವಿದೆ. ಊರಿಗೆ ಗೊತ್ತಿರುವವರ ದನಿ ಮಾಡಿದರೆ ಮಾತ್ರ ಜನ ನಗುತ್ತಾರೆ. ಗುರುತೇ ಇಲ್ಲದವನ ದನಿ ಎಷ್ಟು ಚೆನ್ನಾಗಿ ಮಾಡಿದರೂ "ಯಾರ್ಲಾ ಅದು" ಎಂದು ಕೇಳಿ ಟೀ ಕುಡಿಯಲು ಹೋಗುತ್ತಾರೆ. ಹಾಗಾಗಿ ನಾನು ಯಾರ ದನಿ ಮಾಡಿದೆನೋ ಅವರೆಲ್ಲ ಒಂದು ಲೆಕ್ಕದಲ್ಲಿ ದೊಡ್ಡವರು. ನನ್ನ ದನಿಯನ್ನು ಮಾತ್ರ ಯಾರೂ ಮಾಡುತ್ತಿರಲಿಲ್ಲ.

ನಾನು ಅತಿ ಹೆಚ್ಚು ಮಾಡುವ ದನಿ ನಮ್ಮ ಅಂಗಡಿಯ ಯಜಮಾನರದು. ಎದುರಿಗೆ ಅಣ್ಣ ಎನ್ನುತ್ತೇನೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಮೇಲಿನಿಂದ ನೋಡುತ್ತ, ಒಂದು ಸಲ ಗಂಟಲು ಸರಿಮಾಡಿಕೊಂಡು "ಆಗ್ತದೆ ಬುಡು" ಅನ್ನುತ್ತಾರೆ. ಯಾವ ಕೆಲಸ ತಂದರೂ ಅಷ್ಟೇ. ಕೆಲಸ ಚೆನ್ನಾಗಿ ಆದರೂ "ಆಗ್ತದೆ ಬುಡು", ಕೆಟ್ಟರೂ "ಆಗ್ತದೆ ಬುಡು". ಯಾವುದು ಹೊಗಳಿಕೆ ಯಾವುದು ಬೈಗುಳ ಎಂದು ತಿಳಿಯಬೇಕಾದರೆ ಗಂಟಲು ಸರಿಮಾಡಿಕೊಳ್ಳುವ ಸದ್ದನ್ನು ಕೇಳಬೇಕು. ನನಗೆ ಅದು ತಿಳಿಯುತ್ತಿತ್ತು. ಕಿವಿ ನನ್ನ ಆಸ್ತಿ.

ಕಿವಿ ಬಂದದ್ದು ಅಪ್ಪನಿಂದ. ನಮ್ಮ ಕಡೆ ಕೊಬ್ಬರಿಗೆ ಇಡುವ ಕಾಯಿಯನ್ನು ಅಟ್ಟದ ಮೇಲೆ ಹಾಕಿ ವರ್ಷದ ಹತ್ತಿರ ಮರೆತುಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಅದೇ ಗಿಟುಕು. ಆಗಿದೆಯೋ ಇಲ್ಲವೋ ಎಂದು ಯಾರೂ ಒಡೆದು ನೋಡುವುದಿಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗೊಟ ಗೊಟ ಅಂದರೆ ಆಗಿದೆ. ಅಪ್ಪ ಕಾಯಿ ಅಲ್ಲಾಡಿಸುವಾಗ ನಾನು ಹಿಂದೆ ಕೂತು ನಾಲಿಗೆಯಲ್ಲಿ ಗೊಟ ಗೊಟ ಅನ್ನಿಸುತ್ತಿದ್ದೆ. ಅಪ್ಪ ಹಸಿ ಕಾಯಿಯನ್ನು ಎರಡೆರಡು ಸಲ ಕಿವಿಗೆ ಹಿಡಿದು, ಆಮೇಲೆ ನನ್ನ ಕಡೆ ತಿರುಗಿ, ಆ ಕಾಯಿಯನ್ನೇ ನನ್ನ ಮೇಲೆ ಎತ್ತುತ್ತಿದ್ದ. ಎಸೆಯುತ್ತಿರಲಿಲ್ಲ. ಕಾಯಿಗೆ ಬೆಲೆ ಇತ್ತಲ್ಲ.

ವಿನೈಲಿಗೂ ಇದೇ ಕಿವಿ ಬೇಕು ಎಂದು ನಾನೇ ಕಂಡುಕೊಂಡೆ. ಹಾಳೆ ಲೋಹಕ್ಕೆ ಸರಿಯಾಗಿ ಕೂತಿದ್ದರೆ ಉಗುರಿನಿಂದ ತಟ್ಟಿದಾಗ ಟಿಕ್ ಅನ್ನುತ್ತದೆ. ಕೆಳಗೆ ಗಾಳಿ ಇದ್ದರೆ, ಧೂಳಿದ್ದರೆ, ಟೊಪ್ ಅನ್ನುತ್ತದೆ. ಕಣ್ಣಿಗೆ ಎರಡೂ ಒಂದೇ. ಯಜಮಾನರು ಬೆರಳಲ್ಲಿ ಸವರಿ ನೋಡುತ್ತಿದ್ದರು, ನಾನು ತಟ್ಟಿ ಕೇಳುತ್ತಿದ್ದೆ. ಗಿರಾಕಿಗಳ ಮುಂದೆ ತಟ್ಟುವಾಗ ನನಗೆ ಸ್ವಲ್ಪ ಜಂಬವೂ ಬರುತ್ತಿತ್ತು. ಟಿಕ್ ಟಿಕ್ ಅಂತ ತಟ್ಟಿ, ತಲೆ ಓರೆ ಮಾಡಿ, "ಸ್ಟಿಕ್ಕರ್ ಅಲ್ಲ ಸಾರ್ ಇದು, ಚರ್ರ್ಮ ಅನ್ಕಳಿ" ಅನ್ನುತ್ತಿದ್ದೆ. ಚರ್ಮಕ್ಕೆ ಇನ್ನೊಂದು ರಕಾರ ಸೇರಿಸದಿದ್ದರೆ ನನಗೆ ಸಮಾಧಾನವಿಲ್ಲ.

ಇಷ್ಟೆಲ್ಲ ಇದ್ದರೂ ನನ್ನ ಕೈಗೆ ಇಡೀ ಕಾರು ಬಂದಿರಲಿಲ್ಲ. ಇಡೀ ಕಾರು ಹೊದಿಸುವುದನ್ನು ನಾವು ಫುಲ್ ಬಾಡಿ ಅನ್ನುತ್ತೇವೆ. ಅದು ಯಜಮಾನರ ಕೆಲಸ. ನನಗೆ ಬಾಗಿಲು, ಹಿಂದಿನ ಗಾಜು, ಆಟೋಗಳ ಬೆನ್ನು. ಬಾಗಿಲು ಸುಲಭ, ಗೋಡೆಗೆ ಕ್ಯಾಲೆಂಡರ್ ನೇತುಹಾಕಿದ ಹಾಗೆ. ಬಾನೆಟ್ ಹಾಗಲ್ಲ. ನಡುವೆ ಉಬ್ಬು, ಎರಡು ಕಡೆ ಇಳಿಜಾರು, ಮುಂದಕ್ಕೆ ಮೂತಿ. ಬಿಸಿ ಕಡಿಮೆಯಾದರೆ ಹಾಳೆ ಸುಕ್ಕಾಗುತ್ತದೆ, ಹೆಚ್ಚಾದರೆ ರಬ್ಬರಿನ ಹಾಗೆ ಎಳೆದುಕೊಂಡು ಅದರ ಮೇಲಿನ ಚಿತ್ರವೂ ಎಳೆದುಕೊಳ್ಳುತ್ತದೆ. ಒಮ್ಮೆ ಯಜಮಾನರು ಊಟಕ್ಕೆ ಹೋಗಿದ್ದಾಗ ಒಂದು ಹೋಟೆಲಿನವರ ಕಾರಿನ ಬಾನೆಟ್ಟಿಗೆ ನಾನೇ ಕೈ ಹಾಕಿದೆ. ಅವರು ವಾಪಸ್ ಬರುವಷ್ಟರಲ್ಲಿ ಚಿತ್ರದ ತಟ್ಟೆಯಲ್ಲಿದ್ದ ಇಡ್ಲಿಗಳು ಎಳೆದುಕೊಂಡು ದೋಸೆಗಳಾಗಿದ್ದವು. ಹೋಟೆಲಿನವರು ಒಳ್ಳೆಯವರು, ಸುತ್ತ ಒಂದು ಸಲ ಬಂದು "ದೋಸೇನೂ ಮಾಡ್ತೀವಿ ಬುಡಪ್ಪ" ಎಂದರು. ಯಜಮಾನರ ಗಂಟಲಿನಿಂದ ಆ ದಿನ ಬಂದ ಸದ್ದನ್ನು ನಾನು ಇವತ್ತಿಗೂ ಮಾಡಬಲ್ಲೆ, ಆದರೆ ಮಾಡುವುದಿಲ್ಲ.

ಆಮೇಲೆ ಯಜಮಾನರ ಮೊಣಕಾಲು ಕೈಕೊಟ್ಟಿತು. ಬಂಪರಿನ ಕೆಳಗೆ ಕುಕ್ಕರಗಾಲಲ್ಲಿ ಕೂತರೆ ಏಳಲು ಇಬ್ಬರು ಬೇಕು. ಒಂದು ದಿನ ಕುರ್ಚಿಯಲ್ಲಿ ಕೂತು ಮೊಣಕಾಲು ಉಜ್ಜಿಕೊಳ್ಳುತ್ತ ನನ್ನನ್ನು ಕರೆದರು.

"ಲೇ, ಬರೋ ಫುಲ್ ಬಾಡಿ ನೀನೊಬ್ನೇ ಮಾಡು. ನಾನು ಇಲ್ಲೇ ಕೂತಿರ್ತೀನಿ, ಕೈ ಹಾಕಕಿಲ್ಲ, ಬಾಯೂ ಹಾಕಕಿಲ್ಲ. ಒಂದು ಸಂತೆ ಬಿಸ್ಲಲ್ಲಿ ನಿಂತು ಬಂದ್ಮೇಲೆ ಒಂದು ಮೂಲೆನೂ ಎದ್ದಿರದಿದ್ರೆ, ಇನ್ಮೇಲೆ ಫುಲ್ ಬಾಡಿ ಎಲ್ಲಾ ನಿಂದು."

"ಎದ್ರೆ ಅಣ್ಣ?"

"ಎದ್ರೆ ಆಟೋ ಗ್ಲಾಸಿಗೆ 'ತಾಯಿಯ ಆಶೀರ್ವಾದ' ಅಂಟ್ಸ್ಕಂಡು ಬಿದ್ದಿರು. ಬಾಯಿ ಆಡೋ ನನ್ಮಕ್ಕಳಿಗೆ ಕೈ ಆಡಲ್ಲ ಅಂತ ನಮ್ಮೂರಲ್ಲೊಂದು ಮಾತೈತೆ."

ಆ ಮಾತು ಯಾವ ಊರಲ್ಲೂ ಇಲ್ಲ, ಅವರೇ ಆಗ ಕಟ್ಟಿದ್ದು. ಆದರೂ ನಾಟಿತು. ಟೀ ಅಂಗಡಿಯಲ್ಲಿ ಹತ್ತು ಜನರನ್ನು ನಗಿಸಿ ಬಂದ ಮೇಲೂ, ಆ ಹತ್ತು ಜನರಲ್ಲಿ ಒಬ್ಬರೂ ತಮ್ಮ ಕಾರನ್ನು ನನ್ನ ಕೈಗೆ ಕೊಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಬಂದ ಕಾರು ನಮ್ಮ ಅರಳಗುಪ್ಪೆ ಕಡೆಯದೇ. ಅಲ್ಲಿ ಒಬ್ಬ ಅಕ್ಕ ಕೊಬ್ಬರಿ ಎಣ್ಣೆಯ ಗಾಣ ಹಾಕಿದ್ದರು. ಅವರ ತೋಟದ ಕಾಯಿ ಸುಲಿಯುವವನು ನಮ್ಮಪ್ಪನೇ. ಸಂತೆಗಳಿಗೆ ಎಣ್ಣೆ ಒಯ್ಯಲು ಒಂದು ಹಳೆಯ ಬಿಳಿ ಸಣ್ಣ ಕಾರು ಕೊಂಡು, ಹಿಂದಿನ ಸೀಟು ತೆಗೆಸಿ ಡಬ್ಬ ಇಡಲು ಜಾಗ ಮಾಡಿಕೊಂಡಿದ್ದರು. ಅದಕ್ಕೆ ಮೈತುಂಬ ಜಾಹೀರಾತು ಬೇಕಾಗಿತ್ತು. ಬಾಗಿಲ ಮೇಲೆ ಮರ, ಹಿಂದೆ ಗಾಣ, ಇದೆಲ್ಲ ಇದ್ದದ್ದೇ. ನಮ್ಮ ಮೂರು ತಾಲ್ಲೂಕಿನಲ್ಲಿ ಟೈಲರ್ ಅಂಗಡಿಯವನೂ ತನ್ನ ಕಾರಿಗೆ ಒಂದು ತೆಂಗಿನಮರ ಹಾಕು ಅನ್ನುತ್ತಾನೆ. ಹೊಸದು ಏನೆಂದರೆ, ಬಾನೆಟ್ ಮೇಲೆ ಅಕ್ಕನ ಅತ್ತೆಯ ಮುಖ.

"ಸಂತೇಲಿ ಎಲ್ರೂ ಯಾರ ಮನೆ ಎಣ್ಣೆ ಅಂತಾನೇ ಕೇಳೋದು. ಅತ್ತೆ ಮಕ ಕಂಡ್ರೆ ಕೇಳೋದೇ ಬ್ಯಾಡ" ಎಂದರು ಅಕ್ಕ.

ಅಜ್ಜಿಯ ಫೋಟೋ ತೆಗೆಯಲು ನಾನೇ ಹೋಗಿದ್ದೆ. ಕ್ಯಾಮೆರಾ ಕಂಡ ಕೂಡಲೇ ಅಜ್ಜಿ ಗುರುತಿನ ಚೀಟಿಯ ಮುಖ ಮಾಡಿಕೊಂಡು ಕೂತರು. ನಗಿ ಅಂದರೆ "ಹಲ್ಲಿಲ್ಲ ಕಣಪ್ಪ, ಬಾಯಿ ಬುಟ್ರೆ ಗವಿ ಕಂಡಂಗೆ ಕಾಣ್ತದೆ" ಅಂದರು. ಆಗ ನಾನು ಅವರದೇ ದನಿ ಮಾಡಿದೆ. ಬೆಳಗ್ಗೆ ಸೊಸೆಯನ್ನು ಎಬ್ಬಿಸುವುದು, ಕರುವನ್ನು ಗದರುವುದು, ಎರಡಕ್ಕೂ ಒಂದೇ ರಾಗ. ಅಜ್ಜಿ ಮೊದಲು ಸಿಟ್ಟಾದರು, ಆಮೇಲೆ ಸೆರಗು ಬಾಯಿಗೆ ಹೋಯಿತು, ಸೆರಗು ಜಾರಿದ ಕ್ಷಣದಲ್ಲಿ ಫೋಟೋ ಸಿಕ್ಕಿತು. ಹಲ್ಲಿಲ್ಲದ ಬಾಯಿ, ಮುಚ್ಚಿಹೋದ ಕಣ್ಣು, ಹಣೆಯ ತುಂಬ ಗೆರೆ. ಬಾನೆಟ್ಟಿನ ಅಳತೆಗೆ ಅಚ್ಚು ಹಾಕಿಸುವಾಗ ಯಜಮಾನರು ಅದನ್ನು ಜೋಡಿ ಹಾಕಿಸೋಣ, ಒಂದು ಕೆಟ್ಟರೆ ಒಂದಿರಲಿ ಎಂದರು. "ಯಾಕಣ್ಣ, ನನ್ನ ಮೇಲೆ ನಂಬಿಕೆ ಇಲ್ವಾ" ಅಂದೆ. "ಆಯ್ತು ಬುಡು" ಅಂದರು. ಗಂಟಲಿನಿಂದ ಯಾವ ಸದ್ದೂ ಬರಲಿಲ್ಲ. ಅದನ್ನು ನಾನು ಗಮನಿಸಬೇಕಿತ್ತು.

ಚಿಕ್ಕನಾಯಕನಹಳ್ಳಿ ಸಂತೆಯ ಹಿಂದಿನ ದಿನ ಬೆಳಗ್ಗೆ ಕಾರು ಬಂತು. ಅಕ್ಕ ಓಡಿಸುತ್ತಿದ್ದರು, ಪಕ್ಕದಲ್ಲಿ ಅಜ್ಜಿ, ಹಿಂದೆ ಸೀಟಿಲ್ಲದ ಜಾಗದಲ್ಲಿ ಖಾಲಿ ಡಬ್ಬಗಳ ನಡುವೆ ನಮ್ಮಪ್ಪ.

"ಮೊನೆ ಮೊಂಡಾಗೈತೆ, ಹೊಸದು ಮಾಡ್ಸನ ಅಂತ ಬಂದೆ" ಎಂದ ಅಪ್ಪ ಇಳಿಯುತ್ತ. ಕುಲುಮೆ ಇರುವುದು ಪೇಟೆಯ ಆ ತುದಿಗೆ. ಆ ಕಡೆ ಹೋಗದೆ ಶೆಡ್ಡಿನ ಮುಂದಿನ ಹೊಂಗೆಮರದ ಕಟ್ಟೆಯ ಮೇಲೆ ಕೂತ. ಅಪ್ಪ ನನ್ನ ಕೆಲಸವನ್ನು ಅದುವರೆಗೂ ನೋಡಿರಲಿಲ್ಲ. ಕೇಳಿದವರಿಗೆ "ಅದೇನೋ ಕಾರಿಗೆ ಕಾಗ್ದ ಅಂಟಿಸ್ತಾನೆ" ಅನ್ನುತ್ತಿದ್ದ.

ಕಾರನ್ನು ತೊಳೆದೆ, ಒರೆಸಿದೆ, ಆಮೇಲೆ ಸ್ಪಿರಿಟ್ ಹಾಕಿದ ಬಟ್ಟೆಯಿಂದ ಮೈಯೆಲ್ಲ ಒರೆಸಿದೆ. ಇದೇ ಮುಖ್ಯ. ಹಾಳೆಯ ಹಿಂದಿನ ಗೋಂದಿಗೆ ಧೂಳು ಆಗದು, ಜಿಡ್ಡಂತೂ ಆಗಲೇ ಆಗದು. ಅದಕ್ಕೇ ಕೆಲಸದ ದಿನ ನಾನು ತಲೆಗೆ ಎಣ್ಣೆ ಹಚ್ಚುವುದಿಲ್ಲ. ಅವ್ವನಿಗೆ ಅದೇ ಚಿಂತೆ, ಸಂಬಳ ತರುವ ಮಗ ಕೆದರಿದ ತಲೆಯಲ್ಲಿ ಹೋಗುತ್ತಾನಲ್ಲ ಅಂತ.

ಎಡಬಾಗಿಲು, ಬಲಬಾಗಿಲು, ಟಾಪು, ಹಿಂಬದಿ. ಯಜಮಾನರು ಕುರ್ಚಿಯಲ್ಲಿ ಕೂತು ಪೇಪರ್ ಓದುವ ಹಾಗೆ ಮಾಡುತ್ತಿದ್ದರು, ಬಹಳ ಹೊತ್ತಿನಿಂದ ಪುಟ ತಿರುವಿರಲಿಲ್ಲ. ಅಕ್ಕ ಪೇಟೆಗೆ ಹೋಗಿದ್ದರು. ಅಪ್ಪ ಕಟ್ಟೆಯ ಮೇಲೆ ತೂಕಡಿಸುತ್ತಿದ್ದ. ಅಜ್ಜಿ ಮಾತ್ರ ಕಾರಿನ ಸುತ್ತ ಮದುವೆಮನೆಯ ಹಿರಿಯಳ ಹಾಗೆ ಓಡಾಡುತ್ತಿದ್ದರು. ನಾನು ಹಿಂದಿನ ಬಂಪರಿನ ಕೆಳಗೆ ಅಂಗಾತ ಮಲಗಿ ಅಂಚು ಮಡಿಸುತ್ತಿದ್ದಾಗ ಅವರ ಪಾದಗಳು ಮುಂದಿನ ಚಕ್ರದ ಹತ್ತಿರ ಕಾಣುತ್ತಿದ್ದವು. ಅದರಲ್ಲಿ ಅನುಮಾನ ಪಡುವಂಥದ್ದು ಏನಿತ್ತು.

ಬಾನೆಟ್ ಕೊನೆಗೆ ಇಟ್ಟುಕೊಂಡಿದ್ದೆ. ಅಷ್ಟು ಅಗಲದ ಹಾಳೆಯನ್ನು ಒಬ್ಬನೇ ಹಿಡಿಯಲಾಗದು. ಯಜಮಾನರ ಕಡೆ ನೋಡಿದೆ. ಅವರು ಪೇಪರನ್ನು ಇನ್ನೂ ಮೇಲಕ್ಕೆ ಎತ್ತಿದರು.

"ಅಪ್ಪೋ, ಕೈ ತೊಳ್ಕಂಡು ಬಾ. ಸೋಪ್ ಹಾಕಿ ತೊಳ್ಕ."

ಅಪ್ಪನಿಗೆ ನಾನು ಕೆಲಸ ಹೇಳಿದ್ದು ಅದೇ ಮೊದಲು. ಅಪ್ಪ ಒಂದು ಗಳಿಗೆ ನೋಡಿದ, ಎದ್ದು ಹೋಗಿ ತೊಳೆದುಕೊಂಡು ಬಂದು, ಎರಡು ಕೈಯನ್ನೂ ತಿರುಗಿಸಿ ತೋರಿಸಿದ, ಊಟಕ್ಕೆ ಮುಂಚೆ ಅವ್ವನಿಗೆ ನಾನು ತೋರಿಸುತ್ತಿದ್ದ ಹಾಗೆ. ಆ ತುದಿಯ ಎರಡು ಮೂಲೆ ಅವನಿಗೆ ಕೊಟ್ಟು "ಎಳೀಬ್ಯಾಡ, ಬುಡ್ಲೂಬ್ಯಾಡ, ಮಗೀನ ಹಿಡ್ಕಂಡಂಗೆ ಹಿಡ್ಕ" ಅಂದೆ. ಕಾಯಿ ಸುಲಿದು ಸುಲಿದು ಗಂಟುಗಟ್ಟಿದ ಆ ಬೆರಳುಗಳು ಹಾಳೆಯನ್ನು ಹೂವಿನ ಹಾಗೆ ಹಿಡಿದವು. ನಡುವಿನಿಂದ ಶುರುಮಾಡಿ, ಉಜ್ಜುವ ಪಟ್ಟಿಯಿಂದ ಗಾಳಿಯನ್ನು ಅಂಚಿಗೆ ತಳ್ಳುತ್ತ, ಮೂತಿಯ ಹತ್ತಿರ ಬಿಸಿ ಕೊಡುತ್ತ, ಕೂರಿಸಿದೆ. ಅಜ್ಜಿ ಎಲ್ಲೂ ಎಳೆದುಕೊಳ್ಳಲಿಲ್ಲ. ಮೂಗು ಮೂಗಿನ ಜಾಗದಲ್ಲಿತ್ತು, ನಗು ನಗುವಿನ ಜಾಗದಲ್ಲಿತ್ತು.

ಅಷ್ಟರಲ್ಲಿ ಅಕ್ಕ ಬಂದರು. ಬಂದವರು ಕೈಯಲ್ಲಿದ್ದ ಚೀಲ ಇಳಿಸುವುದನ್ನೇ ಮರೆತರು. ಯಜಮಾನರು ಕುರ್ಚಿಯಿಂದ ಎದ್ದರು. ಮೊಣಕಾಲು ನೋವಿನವರು ಯಾರೂ ಕರೆಯದೆ ಏಳುವುದೆಂದರೆ ಚಪ್ಪಾಳೆಗಿಂತ ದೊಡ್ಡದು. ಗಂಟಲು ಸರಿಮಾಡಿಕೊಂಡರು, ಒಳ್ಳೆಯ ಸದ್ದು. "ಆಗ್ತದೆ ಬುಡು" ಎಂದರು.

ನಾನು ಗೆದ್ದೆ ಅಂದುಕೊಂಡು, ಜಂಬಕ್ಕೆ, ಉಗುರಿನಿಂದ ತಟ್ಟಿದೆ. ಬಾಗಿಲು: ಟಿಕ್. ಹಿಂಬದಿ: ಟಿಕ್. ಅಜ್ಜಿಯ ಹಣೆ: ಟೊಪ್.

ಇನ್ನೊಮ್ಮೆ ತಟ್ಟಿದೆ. ಟೊಪ್. ಕೆನ್ನೆಯೂ ಟೊಪ್. ಗಾಳಿಯ ಗುಳ್ಳೆ ಎಲ್ಲೂ ಇರಲಿಲ್ಲ, ಹೊಳೆಯುತ್ತಿತ್ತು, ಎಲ್ಲರೂ ನಗುತ್ತಿದ್ದರು. ಹೆಬ್ಬೆರಳಿನಿಂದ ಮೆಲ್ಲಗೆ ತಳ್ಳಿದೆ. ಕೂದಲೆಳೆಯಷ್ಟು ಜಾರಿತು. ಕೂತ ಹಾಳೆ ಜಾರುವುದಿಲ್ಲ.

ತಲೆ ಎತ್ತಿದರೆ ಅಪ್ಪ ನನ್ನನ್ನೇ ನೋಡುತ್ತಿದ್ದ. ಬೇರೆ ಯಾರಿಗೂ ಏನೂ ತಿಳಿದಿರಲಿಲ್ಲ. ಅಕ್ಕ ಬೀಗದ ಕೈ ಹಿಡಿದು ನಿಂತಿದ್ದರು. ಹಾಗೇ ಬಿಟ್ಟರೂ ಹಿಡಿದುಕೊಂಡೀತು ಎಂದು ಮನಸ್ಸು ಹೇಳಿತು. ನಾಳೆಯ ಬಿಸಿಲಿಗೆ ಏಳಲಿಕ್ಕಿಲ್ಲ, ಎದ್ದರೂ ಒಂದು ಮೂಲೆ ಇರಬಹುದು ಎಂದೂ ಹೇಳಿತು. ಈಗ ಎಬ್ಬಿಸಿದರೆ ಯಜಮಾನರ ಎದುರಿಗೇ ನನ್ನ ಕೈಯಿಂದ ನನ್ನ ಕೆಲಸವನ್ನು ಕಿತ್ತ ಹಾಗೆ. ಆಟೋ ಗಾಜುಗಳು ಸಾಲಾಗಿ ಕಣ್ಣ ಮುಂದೆ ಬಂದವು, ಪ್ರತಿಯೊಂದರ ಮೇಲೂ ತಾಯಿಯ ಆಶೀರ್ವಾದ.

ಅಪ್ಪ ಹತ್ತಿರ ಬಂದು ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ ಹೇಳಿದ. "ನಂಗೂ ಕೇಳ್ತು ಕಣ್ಲಾ."

ನಾನು ಮೂಲೆಗೆ ಉಗುರು ಹಾಕಿ ಹಾಳೆ ಎಬ್ಬಿಸಿದೆ. ಅಜ್ಜಿಯ ಕಿವಿ ಎದ್ದಿತು, ಕೆನ್ನೆ ಎದ್ದಿತು. ಅಕ್ಕ "ಅಯ್ಯೋ, ಯಾಕಪ್ಪ" ಎಂದರು. ಯಜಮಾನರು ಕನ್ನಡಕ ಇಳಿಸಿದರು. ಹಾಳೆಯ ಕೆಳಗಿನಿಂದ ವಾಸನೆ ಬಂತು. ತಿಪಟೂರು ಕಡೆಯಲ್ಲಿ ಆ ವಾಸನೆಯನ್ನು ಯಾರಿಗೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಕೊಬ್ಬರಿ ಎಣ್ಣೆ.

"ಲೇ, ತಲೆಗೆ ಎಣ್ಣೆ ಮೆತ್ಕಂಡು ಬಂದಿದ್ಯಾ?" ಎಂದರು ಯಜಮಾನರು.

"ನೋಡಣ್ಣ, ಪೊರಕೆ ಇದ್ದಂಗೈತೆ" ಎಂದು ತಲೆ ಬಗ್ಗಿಸಿ ತೋರಿಸಿದೆ.

ಯಜಮಾನರು ಅಪ್ಪನ ಕೈ ನೋಡಿದರು. ಅಪ್ಪ ತನ್ನ ಕೈ ತಾನೇ ಮೂಸಿ ನೋಡಿಕೊಂಡ. ಆಗ ಅಜ್ಜಿ, ಯಾರೋ ತಮ್ಮ ಒಳ್ಳೆಯ ಕೆಲಸದ ಹೆಸರು ಹೊಡೆದುಕೊಂಡುಬಿಡುತ್ತಾರೆ ಅನ್ನುವ ಹಾಗೆ ಮುಂದೆ ಬಂದರು.

"ನಾನೇ ಕಣಪ್ಪ ಹಚ್ಚಿದ್ದು. ಸೀಸೆ ತಂದಿದ್ದೆ, ಒಂದು ಅಂಗೈ ಹಾಕಿ ಸೆರಗಲ್ಲಿ ಒರೆಸ್ದೆ. ನೀನು ನೀರ್ ಹುಯ್ದೆ, ಒಣಗಿಸ್ದೆ, ಬರೀ ಮೈಯಲ್ಲಿ ಬುಟ್ಟೆ. ಬಾಣಂತನದ ಮನೇಲಿ ಹಂಗೆ ಬುಡ್ತಾರಾ? ಹಸುಗೂಸಿಗೆ ಎಣ್ಣೆ, ಮದುವೆ ಹೆಣ್ಣಿಗೆ ಎಣ್ಣೆ, ಹೊಸಲಿಗೆ ಎಣ್ಣೆ, ಇದ್ಕೆ ಮಾತ್ರ ಬ್ಯಾಡ್ವಾ? ಅದ್ರಲ್ಲೂ ನನ್ನ ಮಕ ಕೂರೋ ಜಾಗ."

"ಅತ್ತೆ, ಏನ್ ಮಾಡ್ಬುಟ್ರಿ" ಎಂದು ಅಕ್ಕ ಕಟ್ಟೆಯ ಮೇಲೆ ಕೂತುಬಿಟ್ಟರು.

ಅಜ್ಜಿಗೆ ಆಗ ಅರ್ಥವಾಯಿತು. ಮುಖ ಸಣ್ಣದಾಯಿತು. ನಾನು ಫೋಟೋ ತೆಗೆದ ಮುಖ ಅದಾಗಿರಲಿಲ್ಲ. ನನಗೆ ಬೇರೇನೂ ತೋಚದೆ, ಬಾನೆಟ್ಟಿನ ಮೇಲೆ ಬಗ್ಗಿ, ಕಾರೇ ಮಾತಾಡಿದ ಹಾಗೆ ಎಳೆಮಗುವಿನ ದನಿ ಮಾಡಿದೆ. "ಅಜ್ಜೀ, ಎಣ್ಣೆ ಹಚ್ದೋಳು ಸೀಗೆಪುಡಿ ಹಾಕ್ದೆ ಬುಟ್ಯಲ್ಲ, ಕಣ್ಣುರಿ ಕಣಜ್ಜೀ."

ಅಜ್ಜಿ ನಗದಿರಲು ನೋಡಿದರು, ಆಗಲಿಲ್ಲ. "ಹೂಂ ಕಣ್ಲಾ, ಅದು ನನ್ನದೇ ತಪ್ಪು. ಎಣ್ಣೆ ನೀರು ಅಂದ್ರೆ ಪೂರ್ತಿ ಮಾಡ್ಬೇಕು" ಎಂದವರೇ ಎದುರಿನ ಅಂಗಡಿಯಿಂದ ಸೀಗೆಪುಡಿ ತಂದರು. ತಡೆಯಲು ಹೋದ ಅಕ್ಕನಿಗೆ ಕಣ್ಸನ್ನೆ ಮಾಡಿದೆ. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಬಾನೆಟ್ಟಿಗೆ ಸೀಗೆಪುಡಿ ಹಾಕಿ ತಿಕ್ಕಿದರು, ಮೊಮ್ಮಗನ ತಲೆ ತಿಕ್ಕುವ ಹಾಗೆ, ನಡುನಡುವೆ ಬೈಯುತ್ತ. ಅವರು ಮುಗಿಸಿದ ಮೇಲೆ ನಾನು ಪಾತ್ರೆ ಸೋಪಿನಿಂದ ತೊಳೆದೆ, ಸ್ಪಿರಿಟ್ಟಿನಿಂದ ಒರೆಸಿದೆ, ಬಟ್ಟೆ ಬದಲಾಯಿಸಿ ಮತ್ತೆ ಒರೆಸಿದೆ. ಜಿಡ್ಡು ಹೋಗಿದ್ದು ಯಾವುದರಿಂದ ಎಂದು ಅಜ್ಜಿ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಾರು ತಯಾರಾಯಿತು, ಹಾಳೆ ಇರಲಿಲ್ಲ. ಎಣ್ಣೆ ಕುಡಿದ ಗೋಂದು ಮತ್ತೆ ಹಿಡಿಯುವುದಿಲ್ಲ. ಮತ್ತೊಂದು ಅಚ್ಚು ತುಮಕೂರಿನಿಂದ ಬರುವಷ್ಟರಲ್ಲಿ ಸಂತೆ ಮುಗಿದಿರುತ್ತದೆ. ನಾನು ಆ ಜಿಡ್ಡಿನ ಅಜ್ಜಿಯನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದು ನಿಂತಿದ್ದೆ.

ಯಜಮಾನರು ಮತ್ತೆ ಕುರ್ಚಿಯಲ್ಲಿ ಕೂತು ಪೇಪರ್ ಬಿಡಿಸಿದರು. ಅದರ ಹಿಂದಿನಿಂದ ಮಾತು ಬಂತು. "ಅಟ್ಟದ ಮೇಲೆ ನೋಡು."

ಏಣಿ ಹಾಕಿ ಹತ್ತಿದೆ. ಹಳೆಯ ನಂಬರ್ ಪ್ಲೇಟುಗಳ ಹಿಂದೆ ಬಟ್ಟೆಯಲ್ಲಿ ಸುತ್ತಿದ ಒಂದು ಸುರುಳಿ. ಬಿಚ್ಚಿದರೆ ಇನ್ನೊಬ್ಬ ಅಜ್ಜಿ.

"ಬಾಯಿ ಹಾಕಕಿಲ್ಲ ಅಂದಿದ್ರಲ್ಲಣ್ಣ."

"ಬಾಯಿ ಎಲ್ಲಿ ಹಾಕ್ದೆ, ಅಟ್ಟ ತೋರಿಸ್ದೆ. ಕೊಬ್ರಿ ಸೀಮೇಲಿ ಹುಟ್ಟಿ ಅಟ್ಟ ಖಾಲಿ ಬುಡ್ತಾರೇನ್ಲಾ?"

ಎರಡನೆಯ ಸಲ ನಾನು ಅಪ್ಪನನ್ನು ಕರೆಯಲಿಲ್ಲ. ತಾನೇ ಕೈ ತೊಳೆದುಕೊಂಡು ಬಂದು ಎದುರಿಗೆ ನಿಂತಿದ್ದ. ಅಜ್ಜಿಯನ್ನು ದೂರದ ಕಟ್ಟೆಯ ಮೇಲೆ ಕೂರಿಸಿ, ಸೀಸೆಯನ್ನು ಅಕ್ಕನ ಕೈಗೆ ಕೊಟ್ಟಾಗಿತ್ತು. ಈ ಸಲ ನನ್ನ ಬಾಯಲ್ಲಿ ಯಾರ ದನಿಯೂ ಇರಲಿಲ್ಲ. ಪಟ್ಟಿ ಓಡುವ ಸದ್ದೊಂದೇ. ಮೂತಿಯ ಹತ್ತಿರದ ಎರಡು ಮೂಲೆಗಳಿಗೆ ಬಿಸಿ ಕೊಟ್ಟಾಗ ಹಾಳೆ ಒಂದು ಸಲ ಮೆತ್ತಗಾಗಿ, ಲೋಹವನ್ನು ಹುಡುಕಿಕೊಂಡು ಹೋಗಿ ತಬ್ಬಿಕೊಂಡಿತು. ನಾನು ಉಗುರು ಎತ್ತಿದೆ. ಅಪ್ಪ ತಲೆ ಓರೆ ಮಾಡಿದ.

ಹಣೆ: ಟಿಕ್. ಕೆನ್ನೆ: ಟಿಕ್. ಗದ್ದ: ಟಿಕ್.

"ಆಗೈತೆ" ಎಂದ ಅಪ್ಪ. ಗಿಟುಕಿಗೆ ಹೇಳುವ ಮಾತು ಅದು. ಅಷ್ಟು ಹೇಳಿ, ಕುಲುಮೆ ಮುಚ್ಚುತ್ತದೆ ಎಂದು ಪೇಟೆಯ ಕಡೆ ಹೊರಟುಹೋದ.

ಮರುದಿನ ನನಗೆ ಹಲ್ಲುನೋವು ಅಂತ ಯಜಮಾನರಿಗೆ ಹೇಳಿ ಚಿಕ್ಕನಾಯಕನಹಳ್ಳಿಯ ಬಸ್ಸು ಹತ್ತಿದೆ. ಹಲ್ಲುನೋವಿನ ದನಿ ನನಗೆ ಚೆನ್ನಾಗಿ ಬರುತ್ತದೆ, ಅವರು ನಂಬಲಿಲ್ಲ, ಬೇಡ ಅನ್ನಲೂ ಇಲ್ಲ. ಸಂತೆಯಲ್ಲಿ ಕಾರು ಬಟಾಬಯಲಲ್ಲಿ ನಿಂತಿತ್ತು. ಗುಡ್ಡದ ಕಡೆಯ ಬಿಸಿಲು, ನೆರಳೆಂಬುದು ಕುರಿಗಳ ಹೊಟ್ಟೆಯ ಕೆಳಗೆ ಮಾತ್ರ. ಬಾನೆಟ್ಟಿನ ಮೇಲೆ ಅಜ್ಜಿ ನಗುತ್ತಿದ್ದರು, ಪಕ್ಕದಲ್ಲಿ ಗೋಣಿತಾಟು ಹಾಸಿಕೊಂಡು ಅದೇ ಅಜ್ಜಿ ಎಣ್ಣೆ ಅಳೆಯುತ್ತಿದ್ದರು. ಜನ ಎರಡನ್ನೂ ನೋಡಿ, ಒಂದು ಸಲ ಅತ್ತ ಒಂದು ಸಲ ಇತ್ತ ಕೈ ತೋರಿಸಿ, ಆಮೇಲೆ ಸೀಸೆ ಹಿಡಿದುಕೊಂಡು ಕೂರುತ್ತಿದ್ದರು.

"ಯಾವ್ದು ನಿಜವಾದ್ದು ಕಣಜ್ಜಿ?" ಎಂದ ಒಬ್ಬ ಕುರಿಯವನು.

"ಎಣ್ಣೆ ಕೊಡೋದು ನಾನು, ಸುಮ್ನೆ ನಗೋದು ಅವ್ಳು" ಎಂದರು ಅಜ್ಜಿ.

ಅವನ ಜೊತೆಗಿದ್ದ ಟಗರು ಬೆನ್ನು ತುರಿಸಿತೆಂದು ಬಾಗಿಲಿಗೆ ಮೈ ಒತ್ತಿ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಉಜ್ಜತೊಡಗಿತು. ನಾನು ಕಡಲೆಪುರಿ ಅಂಗಡಿಯ ಮರೆಯಲ್ಲಿ ಉಸಿರು ಹಿಡಿದು ನಿಂತಿದ್ದೆ. ಟಗರು ತೃಪ್ತಿಯಾಗಿ ಹೋಯಿತು. ಬಾಗಿಲಿನ ತೆಂಗಿನಮರ ಒಂದು ಗರಿಯೂ ಅಲ್ಲಾಡದೆ ನಿಂತಿತ್ತು. ಮಧ್ಯಾಹ್ನ ಬಾನೆಟ್ಟಿನ ಮೇಲೆ ಕೈ ಇಡಲಾಗದಷ್ಟು ಕಾದಾಗ, ಯಾರೂ ನೋಡದ ಹೊತ್ತಿನಲ್ಲಿ ಹೋಗಿ ಉಗುರಿನಿಂದ ಒಂದು ಸಲ ತಟ್ಟಿದೆ. ಅಜ್ಜಿ ತಿರುಗಿ ನೋಡಿ, "ನನ್ನ ಹಣೆಗೆ ಹೊಡಿಯೋನ್ ಯಾವನ್ಲಾ ಅವನು" ಎಂದರು. ನಾನು ಕುರಿಯ ಹಾಗೆ ಒಂದು ಸಲ ಕೂಗಿ ಸಂತೆಯೊಳಗೆ ನುಸುಳಿದೆ.

ಸಂಜೆ ಕಾರು ಅಂಗಡಿಗೆ ಬಂತು, ಹಾಗೆಂದೇ ಮಾತಾಗಿತ್ತು. ಯಜಮಾನರು ಮೊಣಕಾಲು ಹಿಡಿದುಕೊಂಡೇ ಸುತ್ತ ಬಂದರು. ಪ್ರತಿ ಮೂಲೆಗೆ ಬೆರಳು, ಪ್ರತಿ ಅಂಚಿಗೆ ಉಗುರು. ಲೈಟಿನ ಕೆಳಗೆ, ಬಂಪರಿನ ಮಡಿಕೆಯಲ್ಲಿ, ಕನ್ನಡಿಯ ಬುಡದಲ್ಲಿ. ಎಲ್ಲೂ ಏನೂ ಎದ್ದಿರಲಿಲ್ಲ. ನಾನು ಅವರ ಗಂಟಲಿಗೆ ಕಾದೆ. ಗಂಟಲು ಸುಮ್ಮನಿತ್ತು. "ಹಲ್ಲು ಹೆಂಗೈತೆ?" ಎಂದು ಮಾತ್ರ ಕೇಳಿ ಒಳಗೆ ಹೋದರು.

ಮಾರನೆಯ ದಿನ ನನಗೆ ಸಿಕ್ಕಿದ್ದು ಹಳೆಯ ಕೆಲಸವೇ. ನಾನು ಶೆಡ್ಡಿನಲ್ಲಿ ಒಂದು ಆಟೋ ಗಾಜು ಒರೆಸುತ್ತ, ತಾಯಿಯ ಆಶೀರ್ವಾದದ ಅಕ್ಷರಗಳನ್ನು ಬಿಡಿಸುತ್ತ ಕೂತಿದ್ದೆ. ಒಳಗೆ ಫೋನ್ ಬಂತು. ತುರುವೇಕೆರೆ ಕಡೆಯ ಯಾರೋ ಸಂತೆಯಲ್ಲಿ ಅಜ್ಜಿಯ ಕಾರು ನೋಡಿದ್ದರಂತೆ, ತಮ್ಮ ಕಾರಿಗೂ ಹಾಗೇ ಬೇಕಂತೆ. ಯಜಮಾನರ ಮಾತು ಗೋಡೆಯಾಚೆಯಿಂದ ಕೇಳುತ್ತಿತ್ತು.

"ಕಳ್ಸಿ ಸಾರ್. ಫುಲ್ ಬಾಡಿಗೆ ಅಂತಾನೇ ನಮ್ಮಲ್ಲೊಬ್ಬ ಅವ್ನೆ. ಇಲ್ಲ ಸಾರ್, ನಾನಲ್ಲ, ನಾನು ಈಗ ಮುಟ್ಟಕಿಲ್ಲ. ಅವ್ನೇ ಮಾಡೋದು."

ಆಮೇಲೆ ಉಗುರಿನಿಂದ ಮೇಜು ತಟ್ಟಿದ ಸದ್ದು, ಟಿಕ್ ಟಿಕ್. ಆಮೇಲೆ ನಾನು ಹಿಂದೆಂದೂ ಕೇಳಿರದ ಒಂದು ದನಿ: "ಸ್ಟಿಕ್ಕರ್ ಅಲ್ಲ ಸಾರ್ ಇದು, ಚರ್ರ್ರ್ಮ ಅನ್ಕಳಿ."

ಫೋನಿನ ಆ ಕಡೆಯವರು ನಕ್ಕಿರಬೇಕು, ಯಜಮಾನರೂ ನಕ್ಕರು. ನನ್ನ ಕೈಯಲ್ಲಿದ್ದ ಅಕ್ಷರ ಬೆರಳಿಗೇ ಅಂಟಿಕೊಂಡಿತು. ಸತ್ಯ ಹೇಳಬೇಕೆಂದರೆ ಅವರು ಮಾಡಿದ್ದು ನನ್ನ ದನಿಗೆ ಚೂರೂ ಹೊಂದಿರಲಿಲ್ಲ. ಮೂಗು ಹೆಚ್ಚಾಗಿತ್ತು, ರಕಾರ ಒಂದು ಜಾಸ್ತಿಯಾಗಿತ್ತು, ನಾನು ಸಾರ್ ಅನ್ನುವಾಗ ದನಿಯನ್ನು ಅಷ್ಟು ಕೆಳಗೆ ಇಳಿಸುವುದಿಲ್ಲ. ಎದ್ದು ಹೋಗಿ ತಿದ್ದಿ ಬರೋಣ ಅನ್ನಿಸಿತು. ಹೋಗಲಿಲ್ಲ. ಬೆರಳಿಗೆ ಅಂಟಿದ ಅಕ್ಷರವನ್ನು ಹಾಗೇ ಬಿಟ್ಟು, ಗೋಡೆಗೆ ಕಿವಿ ಕೊಟ್ಟು, ಇನ್ನೊಂದು ಸಲ ಮಾಡಲಿ ಎಂದು ಕಾದೆ.